ಕೆಂಡಗೈ

ಸಿಂಧು ಮಗಳ ಬಲಗೈಯನ್ನು ಬಟ್ಟೆ ಒಗೆಯುವ ಬಂಡೆಯ ಮೇಲೆ ಒತ್ತಿ ಹಿಡಿದು, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಉಜ್ಜುತ್ತಿದ್ದಳು. ನೀರು ಹುಯ್ದು ಉಜ್ಜುವುದು, ಸೆರಗಿನಲ್ಲಿ ಒರೆಸುವುದು, ಬೆರಳಾಡಿಸಿ ನೋಡುವುದು, ಸಾಲದೆನಿಸಿ ಮತ್ತೆ ಉಜ್ಜುವುದು. ಬಿಳಿಯ ಪುಡಿ ನೀರಿನ ಜೊತೆ ಬಂಡೆಯ ಮೇಲೆ ಹರಿದು ಹೋಗುತ್ತಿತ್ತು. ಮನೆಯ ಮುಂದೆ ತಮಟೆ ಶುರುವಾಗಿತ್ತು. ಹಿತ್ತಲಿನ ಸಿಮೆಂಟ್ ತೊಟ್ಟಿಯ ಮರೆಯಲ್ಲಿ ಇವರಿಬ್ಬರೇ ಇದ್ದರು.

“ಸಾಕು ಬಿಡಮ್ಮ, ಉರೀತೈತೆ,” ಎಂದಳು ಸಿಂಚನಾ.

“ಉರೀಲಿ. ಇವತ್ತೊಂದಿನ ತಡ್ಕೊ.”

ಹಜಾರದಲ್ಲಿ ಗಂಡನ ಹೆಣ ಮಲಗಿರುವಾಗ ಇವಳು ಹಿತ್ತಲಲ್ಲಿ ಕೂತು ಮಗಳ ಕೈ ತಿಕ್ಕುತ್ತಿದ್ದಾಳೆಂದು ಯಾರಾದರೂ ಕಂಡಿದ್ದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಅಳುವುದಕ್ಕೆ ಇಡೀ ಆಯಸ್ಸು ಬಿದ್ದಿದೆ. ಈಗ ಅವಳಿಗಿದ್ದದ್ದು ಒಂದೇ ಭಯ. ಇನ್ನು ಸ್ವಲ್ಪ ಹೊತ್ತಿಗೆ ಅತ್ತೆ ಅಂಜಿನಮ್ಮ ಈ ಕೈಯನ್ನು ಹಿಡಿದು ತಡವಿ ನೋಡುತ್ತಾಳೆ. ಆಗ ಅದು ನುಣ್ಣಗಿರಬೇಕು.

ಆ ವಂಶದಲ್ಲಿ ಅದಕ್ಕೆ ಕೆಂಡಗೈ ಅನ್ನುತ್ತಾರೆ. ತಲೆಮಾರಿಗೊಬ್ಬರ ಅಂಗೈಯನ್ನು ಮುನೇಶ್ವರ ಹಿಡಿಯುತ್ತಾನಂತೆ. ಹಿಡಿದ ಕೈ ಒಣಗಿದ ಚರ್ಮದಂತೆ ದಪ್ಪಗಾಗುತ್ತದೆ, ತಲೆಗೂದಲು ಕುರಿಯ ತುಪ್ಪಟದಂತೆ ಸುರುಳಿ ಸುತ್ತುತ್ತದೆ. ಅಂಥವರು ಒಲೆಯೊಳಗಿನ ಕೆಂಡವನ್ನು ಬರಿಗೈಯಲ್ಲಿ ಎತ್ತಬಲ್ಲರು. ವಂಶದಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಹೋಗುವ ಬೆಂಕಿ ಮಡಕೆಗೆ ಕೆಂಡ ಹಾಕುವುದು ಅವರ ಕೆಲಸ. ಇಕ್ಕಳದಲ್ಲಿ ಎತ್ತಿದ ಕೆಂಡ ಹೋದವರಿಗೆ ದಾರಿ ತೋರಿಸುವುದಿಲ್ಲವೆಂದು ನಂಬಿಕೆ. ಕೆಂಡಗೈಯವರೇ ಸತ್ತರೆ ಹೆಣ ಎತ್ತುವ ಮುಂಚೆ ಮುಂದಿನವರನ್ನು ಹುಡುಕಬೇಕು. ಮನೆಯ ಹಿರಿಯ ಹೆಂಗಸು ಹೆಣದ ಪಕ್ಕ ಕೂತು, ಎಡಗೈಯಲ್ಲಿ ಸತ್ತವರ ಅಂಗೈ ಹಿಡಿದುಕೊಂಡು, ಬಲಗೈಯಲ್ಲಿ ಬದುಕಿರುವ ರಕ್ತಸಂಬಂಧಿಗಳ ಅಂಗೈಗಳನ್ನು ಒಂದೊಂದಾಗಿ ತಡವುತ್ತಾಳೆ. ಎರಡೂ ಒಂದೇ ಥರ ಅನ್ನಿಸಿದರೆ ಅವರೇ ಮುಂದಿನವರು.

ಸಿಂಧು ಮದ್ದೂರಿನ ಕಡೆಯವಳು. ಗಾರ್ಮೆಂಟ್ಸ್ ಕೆಲಸಕ್ಕೆಂದು ಹೊಸೂರಿಗೆ ಬಂದು, ಮೂಕಂಡಪಲ್ಲಿಯಲ್ಲಿ ಪಕ್ಕದ ಮನೆಯಲ್ಲಿದ್ದ ಮುನೀಂದ್ರನನ್ನು ಮದುವೆಯಾದವಳು. ಈ ಕೈಯ ಕತೆ ಕೇಳಿ ಮೊದಮೊದಲು ನಕ್ಕಿದ್ದಳು. ಆಮೇಲೆ ಲಕ್ಷ್ಮೀದೇವಮ್ಮನ ಕತೆ ಕಿವಿಗೆ ಬಿತ್ತು. ಮಾವ ಮುತ್ತರಾಯಪ್ಪನ ಸೋದರತ್ತೆ ಆಕೆ. ಹೆಣ್ಣಾಗಿ ಕೆಂಡಗೈ ಪಡೆದವಳು. ದೇವರ ಕೈಯನ್ನು ಬೇರೆ ಮನೆಗೆ ಕೊಡುವುದುಂಟೇ ಎಂದು ಅವಳಿಗೆ ಮದುವೆಯನ್ನೇ ಮಾಡಲಿಲ್ಲ. ಒಲೆಯ ಮುಂದೆಯೇ ಹರೆಯ ಕಳೆದ ಅವಳು ಒಂದು ದಿನ ಬಾವಿಯಲ್ಲಿ ನೀರು ಸೇದುತ್ತ ಸೇದುತ್ತಲೇ ಕುಸಿದಳು. ಹಗ್ಗ ಕೈಯಲ್ಲೇ ಇತ್ತಂತೆ. ಸಿಂಚನಾ ಗೋಡೆ ಹಿಡಿದು ನಡೆಯಲು ಕಲಿತ ಕಾಲಕ್ಕೆ ಅವಳ ಅಂಗೈ ದಪ್ಪಗಾಗುತ್ತ ಬಂದದ್ದನ್ನು ಕಂಡಾಗ ಸಿಂಧುವಿಗೆ ಮೊದಲು ನೆನಪಾದದ್ದು ಆ ಹಗ್ಗ. ಅವತ್ತೇ ಕಲ್ಲು ತಂದಳು. ಅಲ್ಲಿಂದೀಚೆಗೆ ಪ್ರತಿ ಭಾನುವಾರ ಬಿಸಿನೀರು, ಕಲ್ಲು, ಹರಳೆಣ್ಣೆ. ಕೂದಲಿಗೆ ಪಾರ್ಲರಿನಲ್ಲಿ ಇಸ್ತ್ರಿ. ಗಂಡನಿಗೂ ಹೇಳಲಿಲ್ಲ.

ಮೈದುನ ಹರಿಕೃಷ್ಣ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಸಿಂಧು ಕಲ್ಲನ್ನು ಸೀರೆಯ ನೆರಿಗೆಯೊಳಗೆ ತೂರಿಸಿದಳು.

“ಅತ್ತಿಗೆ, ಅವ್ವ ಕರೀತಾವ್ಳೆ. ಆನೆ ಸಾನಮಾವು ಕಾಡ್ನಿಂದ ಈಚೆ ಬಂದವಂತೆ. ಹೊತ್ತು ಮುಳುಗಾದ್ರೊಳಗೆ ಮಣ್ಣು ಮಾಡ್ಬುಡ್ಬೇಕು.”

ಅರಣ್ಯ ಇಲಾಖೆಯ ಜೀಪು ಬೆಳಿಗ್ಗೆಯಿಂದ ಮೈಕಿನಲ್ಲಿ ತಮಿಳಿನಲ್ಲಿ ಅದನ್ನೇ ಕೂಗಿಕೊಂಡು ಓಡಾಡುತ್ತಿತ್ತು. ಕತ್ತಲಾದ ಮೇಲೆ ಯಾರೂ ಹೊಲದ ಕಡೆ ಹೋಗಬೇಡಿ ಎಂದು. ಸತ್ತವರಿಗೂ ಸೇರಿಸಿಯೇ ಹೇಳಿದ ಹಾಗಿತ್ತು. ಸಿಂಧು ಮಗಳ ಕೈಗೆ ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಎದ್ದಳು.

*

ಮುನೀಂದ್ರನನ್ನು ಐಸ್ ಪೆಟ್ಟಿಗೆಯಿಂದ ತೆಗೆದು, ನೀರು ಹಾಕಿ, ಹಜಾರದ ಬೆಂಚಿನ ಮೇಲೆ ಮಲಗಿಸಿದ್ದರು. ಹೊಸ ಪಂಚೆ, ಹಣೆಗೆ ವಿಭೂತಿ. ಬೇರೆ ಹೆಣಗಳ ಹಾಗೆ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿರಲಿಲ್ಲ. ಎರಡೂ ಕೈಗಳು ಅಂಗೈ ಮೇಲಾಗಿ, ಏನನ್ನೋ ಇಸಕೊಳ್ಳಲು ಕಾದಿರುವಂತೆ, ಪಕ್ಕದಲ್ಲಿ ತೆರೆದುಕೊಂಡಿದ್ದವು. ಅಂಗೈಗಳು ಜೇನುಮೇಣದ ಬಣ್ಣಕ್ಕೆ ತಿರುಗಿದ್ದವು. ಊರಿನ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು, ಆ ತಣ್ಣನೆಯ ಅಂಗೈಗೆ ಮಗುವಿನ ಹಣೆ ತಾಗಿಸಿ ಹೋಗುತ್ತಿದ್ದರು. ಹಾಗೆ ಮಾಡಿದರೆ ಜ್ವರ ಹತ್ತಿರ ಸುಳಿಯುವುದಿಲ್ಲವಂತೆ. ಮಕ್ಕಳು ಒಂದೂ ಅಳಲಿಲ್ಲ. 

ಫ್ಯಾಕ್ಟರಿಯಿಂದ ಬಂದವರು ಜಗಲಿಯಲ್ಲಿ ಕೂತು ಮುನೀಂದ್ರನ ಕೈಯ ಮಾತನ್ನೇ ಆಡುತ್ತಿದ್ದರು. ಅವನ ಜೊತೆ ಫರ್ನೇಸಿನಲ್ಲಿ ಕೆಲಸ ಮಾಡುತ್ತಿದ್ದ ಶಶಿ ಎಂಬುವನಿಗೆ ಕಣ್ಣು ಊದಿಕೊಂಡಿತ್ತು. ಹೊಸದಾಗಿ ಬಂದ ಟ್ರೇನಿಗಳನ್ನು ಹೆದರಿಸುವುದಕ್ಕೆಂದೇ ಮುನೀಂದ್ರ ಬಿಸಿ ಬೋಲ್ಟನ್ನು ಬರಿಗೈಯಲ್ಲಿ ಎತ್ತಿ, ಅಂಗೈಯಲ್ಲಿ ಉರುಳಾಡಿಸಿ, “ತಗೋಪ್ಪಾ ಕಡ್ಲೆಕಾಯಿ” ಎಂದು ಚಾಚುತ್ತಿದ್ದನಂತೆ. ಹಾಜರಾತಿಯ ಹೆಬ್ಬೆಟ್ಟಿನ ಯಂತ್ರ ಮಾತ್ರ ಅವನನ್ನು ಒಂದು ದಿನವೂ ಗುರುತಿಸಲಿಲ್ಲ. ಅವನು ಬೆರಳಿಟ್ಟರೆ ‘ಯಾರೂ ಇಲ್ಲ’ ಅನ್ನುವ ಹಾಗೆ ಕೆಂಪು ದೀಪ ಹಾಕಿ ಸುಮ್ಮನಾಗುತ್ತಿತ್ತು. ಕೊನೆಗೆ ಅವನೊಬ್ಬನಿಗೆ ಕಾರ್ಡು ಮಾಡಿಸಿ ಕೊಟ್ಟರು. ಶಶಿ ಅದನ್ನು ಹೇಳುತ್ತ ನಗಲು ಹೋದವನು ಬಾಯಿಗೆ ಟವೆಲ್ ಒತ್ತಿಕೊಂಡ.

“ಕಂಪ್ನಿ ಬಸ್ಸು ಮೂವ್ ಆಗ್ಬುಡ್ತು ಅಂತ ಓಡ್ದ ಕಣಣ್ಣ. ನಾನು ಕೈ ಕೊಟ್ಟೆ, ಹತ್ಸ್ಕೊಳಣ ಅಂತ. ನನ್ ಕೈ ಹಿಡ್ಕೊಂಡ, ಹಂಗೇ ಬುಟ್ಬುಟ್ಟ.”

ಹಜಾರದ ಗೋಡೆಯ ಮೇಲೆ ವಂಶದ ಕೆಂಡಗೈ ಗಂಡಸರ ಫೋಟೊಗಳಿದ್ದವು. ಮುತ್ತರಾಯಪ್ಪ, ಅವನ ತಾತ, ಅದಕ್ಕೂ ಹಿಂದಿನವರೊಬ್ಬರು ಮಸುಕಾಗಿ. ಎಲ್ಲರದ್ದೂ ಅದೇ ಸುರುಳಿಗೂದಲು. ನರೆತ ತಲೆ ಒಂದೂ ಇರಲಿಲ್ಲ. ಒಬ್ಬ ಗುದ್ದಲಿ ಎತ್ತಿದವನು ಇಳಿಸಲಿಲ್ಲ, ಇನ್ನೊಬ್ಬ ಮದುವೆಯ ದಿಬ್ಬಣದಲ್ಲಿ ಕುಣಿಯುತ್ತಿದ್ದವನು ಬಿದ್ದು ಏಳಲಿಲ್ಲ. ಕೆಂಡಗೈಯವರು ಹಾಸಿಗೆ ಹಿಡಿಯುವುದಿಲ್ಲ, ನಡೆಯುತ್ತಲೇ ಹೋಗುತ್ತಾರೆ, ಅದು ಮುನೇಶ್ವರ ಕೊಟ್ಟ ವರ ಎಂದು ಆ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಸಿಂಧು ಆ ಫೋಟೊಗಳ ಧೂಳು ಒರೆಸುತ್ತ, ಇವರ್ಯಾರೂ ಮುದುಕರಾಗಲೇ ಇಲ್ಲವಲ್ಲ ಎಂದುಕೊಂಡಿದ್ದಳು. ಅಂದುಕೊಂಡು ಅಡಿಗೆಗೆ ಹೋಗಿದ್ದಳು.

*

ಮಳೆಗಾಲ ಮುಗಿಯುವ ಹೊತ್ತಿಗೆ ಮುನೀಂದ್ರ ಒಮ್ಮೆ ಮನೆಯ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದ. ಎದೆಯೊಳಗೆ ಕೋಳಿ ಹಿಡಿದು ಅಮುಕಿದ ಹಾಗೆ ಒದ್ದಾಡುತ್ತಿದೆ ಕಣೇ ಎಂದ. ಹೊಸೂರಿನ ಡಾಕ್ಟರು ನೋಡಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿನ ಹೃದಯದ ಡಾಕ್ಟರು ನಡುವಯಸ್ಸಿನ ಹೆಂಗಸು. ಎದೆಯ ಚಿತ್ರಗಳನ್ನೆಲ್ಲ ನೋಡಿ ಮುಗಿಸಿ, ಕೊನೆಗೆ ಅವನ ಕೈಯನ್ನು ತಿರುಗಿಸಿ ಅಂಗೈ ನೋಡಿದರು. ಆಮೇಲೆ ತಲೆಗೂದಲು ಮುಟ್ಟಿ ನೋಡಿದರು. ನಿಮ್ಮ ಮನೆಯಲ್ಲಿ ಇಂಥ ಕೈ ಇನ್ನು ಯಾರ್ಯಾರಿಗಿದೆ, ಅವರೆಲ್ಲ ಹೇಗೆ ತೀರಿಕೊಂಡರು ಎಂದು ಕೇಳಿದರು. ಮುನೀಂದ್ರ ಹೆಮ್ಮೆಯಿಂದಲೇ ಹೇಳಿದ. ಗುದ್ದಲಿ, ದಿಬ್ಬಣ, ಬಾವಿ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿಯೇ ತಗ್ಗಿತು.

ಡಾಕ್ಟರು ಸಿಂಧುವನ್ನು ಏನು ಕೆಲಸ ಮಾಡುತ್ತೀರಮ್ಮ ಎಂದು ಕೇಳಿದರು. ಗಾರ್ಮೆಂಟ್ಸಿನಲ್ಲಿ ಅಂಗಿಗೆ ಗುಂಡಿ ಹಾಕುತ್ತೇನೆ ಎಂದಳು.

“ಹಾಗಾದ್ರೆ ನಿಮಗೆ ಹೇಳೋದು ಸುಲಭ. ಗುಂಡಿ ಹೊರಗಡೆ ಕಾಣುತ್ತೆ. ಅದನ್ನ ಹಿಡಿದಿರೋ ಗಂಟು ಎಲ್ಲಿರುತ್ತೆ?”

“ಬಟ್ಟೆ ಒಳಮಗ್ಗುಲಲ್ಲಿ.”

“ಇವರಲ್ಲಿ ಸಡಿಲ ಆಗಿರೋದು ಅದೇ ಗಂಟು.”

ಮೈಯೆಲ್ಲ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ, ಒಂದು ಇನ್ನೊಂದನ್ನು ಹಿಡಿದುಕೊಂಡಿರುವುದರಿಂದಲೇ ಮೈ ಮೈಯಾಗಿ ನಿಂತಿದೆ ಎಂದು ಅವರು ಬಿಡಿಸಿ ಹೇಳಿದರು. ಹಿಡಿಯುವ ಕೊಂಡಿಗಳು ಕೋಶದ ಹೊರಗಡೆ ಇರುತ್ತವೆ. ಆದರೆ ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಳೆತ ಬಿದ್ದಾಗ ಬಿಡದೆ ಹೇಗೆ ನಿಲ್ಲಬೇಕು ಎಂಬುದನ್ನು ನೋಡಿಕೊಳ್ಳುವುದು ಒಳಗಿರುವ ಪ್ರೋಟೀನು. ಕೊಂಡಿಯ ಬುಡವನ್ನು ಒಳಗಿನ ಎಳೆಗಳಿಗೆ ಕಟ್ಟಿ ನಿಲ್ಲಿಸುವುದು ಅದೇ. ಮುನೀಂದ್ರನ ವಂಶದಲ್ಲಿ ಆ ಪ್ರೋಟೀನು ಹುಟ್ಟುವಾಗಲೇ ಊನವಾಗಿ ಬಂದಿದೆ. ಹೆಚ್ಚು ಎಳೆತ ಬೀಳುವ ಕಡೆ ಅದು ಬಯಲಾಗುತ್ತದೆ. ಅಂಗೈ ಸದಾ ಉಜ್ಜಿಸಿಕೊಳ್ಳುವ ಜಾಗ, ಅಲ್ಲಿ ಹಿಡಿತ ಸಾಲದ್ದಕ್ಕೆ ಚರ್ಮ ಪದರದ ಮೇಲೆ ಪದರ ಹಾಕಿಕೊಂಡು ದಪ್ಪಗಾಗುತ್ತದೆ. ಮಗು ಅಂಬೆಗಾಲಿಟ್ಟು ನೆಲ ಗೋಡೆ ಹಿಡಿಯಲು ಶುರು ಮಾಡಿದ ಮೇಲೆ ಗೊತ್ತಾಗುತ್ತದೆ. ಇನ್ನು ಹೃದಯ. ಅದು ಹುಟ್ಟಿದಾಗಿನಿಂದ ಬಡಿಯುತ್ತಲೇ ಇದೆ, ದಪ್ಪ ಚರ್ಮ ಹಾಕಿಕೊಳ್ಳಲು ಅದಕ್ಕೆ ಬರುವುದಿಲ್ಲ. ಓಡಿದಾಗ, ಕುಣಿದಾಗ, ಭಾರ ಎಳೆದಾಗ ಕೋಶಗಳು ಒಂದರ ಕೈ ಒಂದು ಬಿಡುತ್ತವೆ. ಬಿಟ್ಟ ಜಾಗದಲ್ಲಿ ಗಾಯದ ಕಲೆ, ಕೊಬ್ಬು. ಒಂದು ದಿನ ಬಡಿತ ದಾರಿ ತಪ್ಪುತ್ತದೆ.

“ಎದೆಯ ಚರ್ಮದ ಕೆಳಗೆ ಒಂದು ಸಣ್ಣ ಯಂತ್ರ ಇಡೋಣ. ದಾರಿ ತಪ್ಪಿದ್ರೆ ಅದು ಸರಿ ಮಾಡುತ್ತೆ. ಅಲ್ಲೀವರೆಗೂ ಓಡಬೇಡಿ. ಮನೇಲಿ ಇಂಥ ಕೈ ಇರೋರನ್ನೆಲ್ಲ ಮೊದಲು ಕರ್ಕೊಂಡು ಬನ್ನಿ. ನಿಮ್ಮ ಮಗಳ ಕೈ ಹೇಗಿದೆ?”

“ಅವಳದ್ದು ನುಣ್ಣಗಿದೆ ಮೇಡಂ,” ಅಂದಳು ಸಿಂಧು.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ವರ್ಷಗಳಿಂದ ಕೇಳಿದವರಿಗೆಲ್ಲ ಹೇಳಿ ಹೇಳಿ ನಾಲಗೆಯ ತುದಿಯಲ್ಲೇ ಕೂತಿತ್ತು, ಬಾಯಿ ತೆರೆದ ಕೂಡಲೇ ಬಿದ್ದುಹೋಯಿತು. ಬಿದ್ದ ಮೇಲೆ ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಗಂಡ ಪಕ್ಕದಲ್ಲೇ ಕೂತಿದ್ದ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಮುನೀಂದ್ರ ದಾರಿಯುದ್ದಕ್ಕೂ ತನ್ನ ಅಂಗೈಯನ್ನು ಮುಚ್ಚಿ ತೆರೆದು ಮಾಡುತ್ತಿದ್ದ. ಅತ್ತಿಬೆಲೆ ದಾಟಿದ ಮೇಲೆ ಕೇಳಿದ.

“ನಮ್ ಪಾಪುಗಿಲ್ಲ ಅಲ್ವಾ? ನಂಗೆ ಮುಟ್ಟುದ್ರೆ ಗೊತ್ತಾಗಲ್ಲ ಕಣೇ. ನನ್ ಕೈಗೆ ಎಲ್ಲಾ ಒಂದೇ.”

ಅದು ನಿಜ. ಮಗಳಿಗೆ ಜ್ವರ ಬಂದಾಗ ಅವನು ಮೊಣಕೈ ತಾಗಿಸಿ ನೋಡುತ್ತಿದ್ದ. ಹಸುಗೂಸಾಗಿದ್ದಾಗ ಕೆನ್ನೆ ಸವರಲು ಕೈ ತಿರುಗಿಸಿ ಹಿಂಗೈ ಬಳಸುತ್ತಿದ್ದ. ಕೈ ಹಿಡಿದು ಶಾಲೆಗೆ ಬಿಟ್ಟು ಬಂದ ಇಷ್ಟು ವರ್ಷಗಳಲ್ಲಿ ಆ ಪುಟ್ಟ ಕೈಯೂ ತನ್ನ ಕೈಯಂತೆಯೇ ಇದೆಯೆಂದು ಅವನಿಗೆ ಗೊತ್ತಾಗಿರಲಿಲ್ಲ.

“ಇಲ್ಲ,” ಅಂದಳು ಸಿಂಧು.

ಅವನು ನಿರಾಳವಾಗಿ ಅವಳ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದ. ಯಂತ್ರ ಇಡಲು ದಿನ ಗೊತ್ತಾಗಿತ್ತು. ಅವ್ವನಿಗೆ ಈಗಲೇ ಹೇಳುವುದು ಬೇಡ, ಎಲ್ಲಾ ಆದ ಮೇಲೆ ಹೇಳೋಣ ಎಂದಿದ್ದ. ಆ ದಿನ ಬರುವ ಮೊದಲೇ ಬಸ್ಸು ಮುಂದೆ ಹೋಯಿತು, ಅವನು ಓಡಿದ.

ಆಸ್ಪತ್ರೆಗೂ ಆ ದಿನಕ್ಕೂ ನಡುವೆಯೇ ಸಿಂಚನಾ ಕಾಲೇಜಿನ ಮೈದಾನದಲ್ಲಿ ಕಬಡ್ಡಿ ಆಡುವಾಗ ತಲೆ ತಿರುಗಿ ಬಿದ್ದಿದ್ದಳು. ಗ್ಲೂಕೋಸ್ ನೀರು ಕುಡಿಸಿ ಮನೆಗೆ ಕಳಿಸಿದರು. ಬೆಳಿಗ್ಗೆ ತಿಂಡಿ ತಿನ್ನದೆ ಹೋಗುತ್ತೀಯ ಎಂದು ಸಿಂಧು ಬೈದಳು. ಬೈದದ್ದು ತನ್ನ ಕಿವಿ ಮುಚ್ಚಿಕೊಳ್ಳುವುದಕ್ಕೆಂದು ಅವಳಿಗೇ ಗೊತ್ತಿತ್ತು. ಮುಂದಿನ ವಾರ ಕರೆದುಕೊಂಡು ಹೋದರಾಯಿತು, ಇವರ ಯಂತ್ರ ಮುಗಿಯಲಿ, ಯಾರಿಗೂ ಗೊತ್ತಾಗದ ಹಾಗೆ ಹೋಗಿ ಬಂದರಾಯಿತು ಎಂದುಕೊಂಡು ದಿನ ತಳ್ಳಿದಳು.

*

ತಮಟೆ ನಿಂತಿತು. ಅಂಜಿನಮ್ಮನನ್ನು ಹಿಡಿದು ತಂದು ಬೆಂಚಿನ ಪಕ್ಕ ಚಾಪೆಯ ಮೇಲೆ ಕೂರಿಸಿದರು. ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಅವಳು ಕೈಚಾಚಿ ತಡಕಿ, ಮಗನ ಎಡಗೈಯನ್ನು ತನ್ನ ಎಡಗೈಯೊಳಗೆ ತೆಗೆದುಕೊಂಡಳು. ಹಿಂದಿನ ರಾತ್ರಿಯಿಂದ ಅತ್ತಿದ್ದ ಮುಖ ಒಣಗಿಹೋಗಿತ್ತು. ಒಲೆಯಲ್ಲಿ ಹುಣಸೆ ಕೊರಡು ಚಟಪಟ ಅನ್ನುವುದಷ್ಟೇ ಕೇಳುತ್ತಿತ್ತು.

ಮೊದಲು ಹರಿಕೃಷ್ಣ ಕೈ ಕೊಟ್ಟ. ಅವಳು ಹೆಬ್ಬೆರಳಿನಿಂದ ಅವನ ಅಂಗೈಯನ್ನು ಬುಡದಿಂದ ತುದಿಯವರೆಗೆ ಒತ್ತಿ ನೋಡಿ, ಬಿಟ್ಟಳು. “ನುಣ್ಣಗೈತೆ.” ಆಮೇಲೆ ಮುನೀಂದ್ರನ ಅಕ್ಕ ಮುನಿಗಂಗಮ್ಮ. ರಾಯಕೋಟೆಗೆ ಕೊಟ್ಟಿದ್ದ ಮಗಳು, ತಲೆಯ ಮೇಲಿನ ಸೆರಗು ಎಂದೂ ತೆಗೆಯದವಳು. “ನುಣ್ಣಗೈತೆ.” ಅವಳ ಮಗ, ತಲೆ ಬೋಳಿಸಿಕೊಂಡೇ ಇರುವ ಜಗನ್, ಗುಲಾಬಿ ತೋಟದಲ್ಲಿ ಮುಳ್ಳಿಗೆಂದು ಕೈಗವಸು ಹಾಕಿಕೊಂಡು ಕೆಲಸ ಮಾಡುವವನು. ಅವನ ಕೈಯನ್ನು ಅವಳು ಬೇಗನೆ ಬಿಟ್ಟಳು. “ನುಣ್ಣಗೈತೆ.”

ಸಿಂಚನಾ ಕೂತಳು. ಅಜ್ಜಿಯ ಹೆಬ್ಬೆರಳು ಅವಳ ಅಂಗೈಯ ನಡುವೆ ನಿಂತಿತು. ಒತ್ತಲಿಲ್ಲ, ಸರಿಯಲೂ ಇಲ್ಲ. ಒಂದು ಕೈಯಲ್ಲಿ ಅಪ್ಪ, ಇನ್ನೊಂದು ಕೈಯಲ್ಲಿ ಮಗಳು. ನಡುವೆ ಆ ಮುದುಕಿ ಕುರುಡುಗಣ್ಣು ತೆರೆದುಕೊಂಡು, ಉಸಿರನ್ನೂ ಬಿಡದೆ ಕೂತಿದ್ದಳು. ಸತ್ತವನ ಬೆರಳು ಈಗ ಮಡಚಿಕೊಳ್ಳುತ್ತದೆ, ಈಗ ಮಡಚಿಕೊಂಡು ತೋರಿಸಿಕೊಡುತ್ತದೆ ಎಂದು ಸಿಂಧು ಅದನ್ನೇ ನೋಡುತ್ತ ನಿಂತಿದ್ದಳು. ಉಜ್ಜಿ ಕೆಂಪಾದ ಚರ್ಮದಲ್ಲಿ ನೀರಾಡುತ್ತಿದ್ದದ್ದು ದೂರಕ್ಕೂ ಕಾಣುತ್ತಿತ್ತು.

“ನುಣ್ಣಗೈತೆ,” ಎಂದಳು ಅಂಜಿನಮ್ಮ. ಕೈ ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು. “ಮುನೇಶ್ವರ ಯಾರ ಕೈನೂ ಹಿಡ್ದಿಲ್ಲ. ಇವನೇ ಕೊನೆ.”

ಗುಂಪಿನಲ್ಲಿ ಗುಸುಗುಸು ಎದ್ದಿತು. ವಂಶದ ಹಿರಿಯರಿಬ್ಬರು ತಲೆ ಚಚ್ಚಿಕೊಂಡರು. ಸಿಂಧು ಗೋಡೆಗೆ ಒರಗಿದಳು. ಗೆದ್ದಾಯಿತು, ಇನ್ನು ಯಾರೂ ನನ್ನ ಮಗಳನ್ನು ಒಲೆಯ ಮುಂದೆ ಕೂರಿಸುವುದಿಲ್ಲ ಎಂದುಕೊಂಡಳು. ಆಗ ಸಿಂಚನಾ ಎದ್ದು ಬಂದು ಅವಳ ತೋಳು ಹಿಡಿದುಕೊಂಡಳು. ತುಟಿ ಬಿಳುಚಿಕೊಂಡಿತ್ತು.

“ಅಮ್ಮ, ಎದೆ ಒಳಗೆ ಕೋಳಿ ಒದ್ದಾಡ್ದಂಗಾಯ್ತೈತೆ.”

ಅಪ್ಪ ಮೆಟ್ಟಿಲಲ್ಲಿ ಆ ಮಾತು ಹೇಳಿದಾಗ ಅವಳು ಕಾಲೇಜಿನಲ್ಲಿದ್ದಳು. ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ. ಸಿಂಧುವಿಗೆ ಬೆಂಚಿನ ಮೇಲೆ ಮಲಗಿದ್ದವನೇ ಮಗಳ ಬಾಯಿಂದ ಮಾತಾಡಿದ ಹಾಗಾಯಿತು. ಮಗಳನ್ನು ಕೂರಿಸಿ, ಸೆರಗಿನಿಂದ ಗಾಳಿ ಹಾಕಿ, ಅವಳ ಉಸಿರು ಒಂದು ಹದಕ್ಕೆ ಬರುವವರೆಗೂ ಎದೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಆಮೇಲೆ ಮಗಳ ಕೈಯನ್ನು ತೆಗೆದು ಮತ್ತೆ ಅತ್ತೆಯ ಕೈಯಲ್ಲಿಟ್ಟಳು.

“ಅತ್ತೆ, ಉಜ್ಜಿದೀನಿ. ಇವಳು ಮಗು ಇದ್ದಾಗಿಂದ ಉಜ್ಜಿದೀನಿ. ಇವಳ ಕೈ ನುಣ್ಣಗಿಲ್ಲ.”

ಅಂಜಿನಮ್ಮ ಮುಖವನ್ನು ಅವಳ ಕಿವಿಯ ಹತ್ತಿರ ತಂದಳು.

“ಗೊತ್ತು ಕಣವ್ವಾ. ಉಜ್ಜಿದ್ ಕೈ ಎಂಗಿರ್ತೈತೆ ಅಂತ ನಂಗೊತ್ತಿಲ್ವಾ? ಸುಮ್ಕಿರು. ನುಣ್ಣಗೈತೆ ಅಂದ್ನಲ್ಲ, ಸುಮ್ಕಿರು. ಎಸ್ರು ಇಕ್ಸ್ಕೊಂಡೋರ್ನೇ ಅವನು ಕರ್ಕೊಳಾದು.”

ಮುದುಕಿ ಕಂಡುಕೊಂಡಿದ್ದ ಸತ್ಯ ಅದು. ಯಾರನ್ನು ಕೆಂಡಗೈ ಎಂದು ಎಲ್ಲರೆದುರು ಕರೆದರೋ ಅವರು ಸತ್ತರು. ಕರೆಸಿಕೊಳ್ಳದವರು ಬದುಕಿದರು. ದೇವರಿಗೆ ಸಿಗದ ಹಾಗೆ ಬಚ್ಚಿಟ್ಟರೆ ಮಗು ಉಳಿಯುತ್ತದೆ. ಸಿಂಧು ಇಷ್ಟು ವರ್ಷ ಯಾರಿಗೆ ಹೆದರಿ ಕಲ್ಲು ಹಿಡಿದಿದ್ದಳೋ ಅವಳೇ ಇವಳ ಪರವಾಗಿ ಸುಳ್ಳು ಹೇಳಿದ್ದಳು.

“ಸುಮ್ನಿದ್ರೆ ಇವಳೂ ಹೋಗ್ತಾಳೆ ಅತ್ತೆ.”

ಗಟ್ಟಿಯಾಗಿಯೇ ಹೇಳಿದಳು. ಜಗಲಿಯಲ್ಲಿದ್ದವರೂ ಎದ್ದು ಬಾಗಿಲಿಗೆ ಬಂದರು. ಸಿಂಧು ಆಸ್ಪತ್ರೆಯ ಮಾತನ್ನೆಲ್ಲ ಹೇಳಿದಳು. ಅಂಗಿಯ ಗುಂಡಿ, ಒಳಗಿನ ಗಂಟು, ಅಂಗೈ, ಹೃದಯ. ಹೆಸರಿಟ್ಟದ್ದಕ್ಕೆ ಯಾರೂ ಸಾಯಲಿಲ್ಲ, ಎಳೆತಕ್ಕೆ ಸತ್ತರು, ಓಡಿ ಸತ್ತರು, ಕುಣಿದು ಸತ್ತರು. ಕೈಯ ಮೇಲಿನದನ್ನು ಉಜ್ಜಿ ತೆಗೆಯಬಹುದು, ಎದೆಯೊಳಗಿನದನ್ನು ಯಾವ ಕಲ್ಲಿನಿಂದಲೂ ಉಜ್ಜಲು ಆಗುವುದಿಲ್ಲ. ಡಾಕ್ಟರೂ ಅತ್ತೆ ಕೇಳಿದ್ದನ್ನೇ ಕೇಳಿದರು, ಯಾರ ಕೈ ಹೀಗಿದೆ ಎಂದು. ನಾನು ಅವರಿಗೂ ಸುಳ್ಳು ಹೇಳಿ ಬಂದೆ. ಇವಳ ಅಪ್ಪನಿಗೂ ಹೇಳಿದೆ. ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ. ಇಷ್ಟು ಹೇಳಿ ಅವಳು ಮೊದಲ ಸಲ ಬಾಯಿ ತೆಗೆದು ಅತ್ತಳು.

ಹಿರಿಯನೊಬ್ಬ, ಹೆಣದ ಮುಂದೆ ಇದೆಲ್ಲ ಎಂಥ ಮಾತು, ದೇವರ ಕೈಗೆ ರೋಗ ಅನ್ನುತ್ತೀಯಾ ಎಂದು ಗದರಿದ. ಮುನಿಗಂಗಮ್ಮ ಎದ್ದು ಬಂದು, ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತಳು.

“ಅವ್ವಾ, ನನ್ ಕೈ ಯಾರು ಉಜ್ಜಿದ್ದು ಹೇಳು.”

ಅಂಜಿನಮ್ಮ ಮಗಳ ಕೈಗಾಗಿ ತಡಕಿದಳು.

“ನೀನು ನನ್ಗೆ ಉಜ್ಜಿದ್ದೆ. ಅದ್ನ ನೋಡ್ಕೊಂಡೇ ನಾನು ಇವನ್ಗೆ ಉಜ್ಜಿದ್ದು.” ಎಂದು ಜಗನ್‌ನ ಕೈ ಹಿಡಿದೆಳೆದಳು. ಜಗನ್ ಕೈ ಕೊಸರಿಕೊಳ್ಳಲಿಲ್ಲ. ಅಂಗೈಯನ್ನು ಮೇಲೆ ಮಾಡಿ, ಮಾವನ ಕೈಯ ಪಕ್ಕದಲ್ಲಿ ಬೆಂಚಿನ ಮೇಲಿಟ್ಟ. ಕೆರೆದು ಕೆರೆದು ಅಲ್ಲಲ್ಲಿ ಬಿರಿದಿತ್ತು. ಬೆರಳ ಬುಡದಲ್ಲಿ, ಕಲ್ಲು ತಲುಪದ ಕಡೆ, ಅದೇ ಜೇನುಮೇಣದ ಬಣ್ಣ. ಮುನಿಗಂಗಮ್ಮನೂ ತನ್ನದನ್ನು ಇಟ್ಟಳು. ಸಿಂಚನಾ ಇಟ್ಟಳು. ತಲೆಮಾರಿಗೊಬ್ಬರು ಎಂದಿದ್ದದ್ದು ಒಂದೇ ಬೆಂಚಿನ ಮೇಲೆ ನಾಲ್ಕು ಕೈಯಾಗಿ ನಿಂತಿತು. ಅದರಲ್ಲಿ ಸತ್ತದ್ದು ಯಾವುದು ಎಂದು ಬಣ್ಣ ನೋಡಿ ಹೇಳುವ ಹಾಗಿರಲಿಲ್ಲ. ಬಾಗಿಲಲ್ಲಿದ್ದ ಶಶಿ ಮುಖ ತಿರುಗಿಸಿದ.

ಅಂಜಿನಮ್ಮ ಆ ಕೈಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ, ಮಗನ ಕೈಯ ಮೇಲೆ ನಿಲ್ಲಿಸಿದಳು.

“ಅಕ್ಕ ಕೂತ್ಕೊಂಡು ಉಜ್ಜಿಸ್ಕೊಂಡ್ಳು,” ಎಂದಳು. “ಇವ್ನು ಕೈಗೇ ಸಿಕ್ತಿರ್ಲಿಲ್ಲ. ಓಡೋಗ್ಬುಡ್ತಿದ್ದ.”

*

ಕೆಂಡವನ್ನು ಹರಿಕೃಷ್ಣ ಇಕ್ಕಳದಲ್ಲಿ ಎತ್ತಿ ಮಡಕೆಗೆ ಹಾಕಿದ. ಹಾಗೆ ಮಾಡು ಎಂದು ಅಂಜಿನಮ್ಮನೇ ಹೇಳಿದಳು. ಹಿರಿಯರು ಗೊಣಗಿಕೊಂಡರು, ಆದರೆ ಹೊತ್ತು ಇಳಿಯುತ್ತಿತ್ತು, ಕಾಡಿನ ಅಂಚಿನಲ್ಲಿ ಪಟಾಕಿ ಸಿಡಿಸುವ ಸದ್ದು ಆಗಲೇ ಕೇಳುತ್ತಿತ್ತು. ಹೆಣ ಎತ್ತಿದರು. ಸಿಂಚನಾ ಬಾಗಿಲವರೆಗೂ ಹೋಗಿ ನಿಂತಳು. ಮುಂದೆ ಹೋಗಬೇಡ, ನಡೆಯಬೇಡ, ಕೂತಿರು ಎಂದು ಸಿಂಧು ಅವಳ ಸೊಂಟ ಬಳಸಿ ಹಿಡಿದಿದ್ದಳು. ಜಗನ್‌ನನ್ನೂ ಹೆಗಲು ಕೊಡಲು ಬಿಡಲಿಲ್ಲ. ಅವನ ಬದಲಿಗೆ ಶಶಿ ಹೆಗಲು ಕೊಟ್ಟ. ತಮಟೆ ರಾಗಿ ಹೊಲದ ಆಚೆ ಇಳಿದು ಹೋಗುತ್ತ ಹೋಗುತ್ತ ಸಣ್ಣಗಾಯಿತು.

ನಾಳೆ ಬೆಳಿಗ್ಗೆಯೇ ಬೆಂಗಳೂರಿಗೆ ಹೋಗುವುದೆಂದು ಮಾತಾಗಿತ್ತು. ಸೂತಕ ಅಂತ ಯಾರೋ ಅಂದಾಗ ಮುನಿಗಂಗಮ್ಮ, ಸೂತಕ ಕಳೆಯುವವರೆಗೂ ಇನ್ನೊಂದು ಸೂತಕ ಬರುವುದು ಬೇಡ ಎಂದು ಬಾಯಿ ಮುಚ್ಚಿಸಿದ್ದಳು. ಸಿಂಧು ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ, ಅವಳ ಉರಿಯುವ ಅಂಗೈಗೆ ಬೆಣ್ಣೆ ಹಚ್ಚುತ್ತಿದ್ದಳು.

ಖಾಲಿ ಬೆಂಚಿನ ಪಕ್ಕ ಅಂಜಿನಮ್ಮ ಕೂತೇ ಇದ್ದಳು. ಜಗನ್‌ನ ಹೆಂಡತಿ ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದಳು. ಅದೇ ತಿಂಗಳು ಹೆಜ್ಜೆಯಿಡಲು ಕಲಿತಿದ್ದ ಗಂಡುಮಗು, ನಿದ್ದೆಯಿಂದ ಎದ್ದು ರಚ್ಚೆ ಹಿಡಿದಿತ್ತು. ಇಲ್ಲಿ ತಾ ಎಂದು ಅಂಜಿನಮ್ಮ ಎರಡೂ ಕೈ ಚಾಚಿದಳು. ತೊಡೆಯ ಮೇಲೆ ಕೂರಿಸಿಕೊಂಡು ಅದರ ಕೈಗಾಗಿ ತಡಕಿದಳು. ಮುಷ್ಟಿ ಬಿಗಿದಿತ್ತು. ಅವಳು ತೋರುಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ತೂರಿಸಿದಳು.

ಬೆರಳ ತುದಿಯಿಂದ ಆ ಅಂಗೈಯನ್ನು ಸವರಿ ನೋಡಿದಳು. ಜಗನ್‌ನ ಹೆಂಡತಿ ಉಸಿರು ಬಿಗಿಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದಳು.

“ನಾಳಿಕ್ಕೆ ಗಾಡೀಲಿ ಇವನ್ಗೂ ಜಾಗ ಮಾಡ್ರವ್ವಾ,” ಎಂದಳು ಅಂಜಿನಮ್ಮ.

ಹೇಳಿ ಬೆರಳನ್ನು ಹಿಂದಕ್ಕೆ ತೆಗೆಯಲು ನೋಡಿದಳು. ಮಗು ಬಿಡಲಿಲ್ಲ. ಅಳು ನಿಲ್ಲಿಸಿ, ಕಣ್ಣರಳಿಸಿ ಆ ಮುದಿಮುಖವನ್ನು ನೋಡುತ್ತ, ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು.